ವಾಲದ ಗೋಡೆ

"ಗುಂಡಿನ ದಾರ ಕಟ್ಟಿದ್ಯಾರು?"

ಅಟ್ಟಣಿಗೆಯ ಮೇಲಿಂದ ಮೇಸ್ತ್ರಿ ಕೇಳಿದ ದನಿಗೆ, ಕೆಳಗೆ ಗಾರೆ ಕಲೆಸುತ್ತಿದ್ದ ಭಾವಮೈದುನ ತಲೆಯೆತ್ತಿದ. "ನಾನೇ ಭಾವ. ಯಾಕೆ?"

"ಗೋಡೆ ವಾಲಿದೆ. ಕಣ್ಣು ಕಾಣಲ್ವಾ ನಿಂಗೆ?"

ದಾರದ ತುದಿಗೆ ನೇತುಬಿಟ್ಟ ತೂಕದ ಗುಂಡು ಗೋಡೆ ನೆಟ್ಟಗಿದೆ ಎನ್ನುತ್ತಿತ್ತು. ಮೇಸ್ತ್ರಿಯ ಕಣ್ಣು ಇಲ್ಲ ಎನ್ನುತ್ತಿತ್ತು. ಈ ಕಣ್ಣನ್ನೇ ನಂಬಿ ಅನ್ನ ತಿಂದವನು ಅವನು. ಭಾವಮೈದುನನೇ ದಾರಕ್ಕೆ ಏನೋ ಮಾಡಿದ್ದಾನೆ ಎಂದುಕೊಂಡು ಮೇಲಿನ ಎರಡು ಸಾಲು ಇಟ್ಟಿಗೆಯನ್ನು ಕಿತ್ತೇ ಹಾಕಿದ. ಅದನ್ನು ಕಂಡು ಭಾವಮೈದುನ ಏಣಿ ಹತ್ತತೊಡಗಿದ.

ಅನುಮಾನ ಇಂದಿನದಲ್ಲ. ಭಾವಮೈದುನ ಆಳುಗಳ ಹತ್ತಿರ ಏನೋ ಪಿಸುಗುಡುತ್ತಿದ್ದ. ತಾನು ಹೋದರೆ ಎಲ್ಲರೂ ಗಪ್‌ಚಿಪ್. ಮೇಸ್ತ್ರಿಗಿರಿಯ ಮೇಲೇ ಅವನ ಕಣ್ಣು. ಹೆಂಡತಿಯೂ ತಮ್ಮನ ಕಡೆಗೇ ಇದ್ದ ಹಾಗಿತ್ತು. ತಲೆಸುತ್ತು ಬಂದಾಗ ಬಲವಂತ ಮಾಡಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದವಳು ಅವಳೇ ತಾನೆ?

"ಒಳಗಿವಿಯಲ್ಲಿ ನೀರು ಹೆಚ್ಚಾಗುತ್ತೆ. ಅದಕ್ಕೇ ಈ ತಲೆಸುತ್ತು, ಗುಂಯ್ ಅನ್ನೋ ಸದ್ದು, ಕಿವಿ ಮಂದ ಆಗೋದು. ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಉಪ್ಪು ಕಡಿಮೆ ಮಾಡಿ. ಎತ್ತರ ಹತ್ತಬೇಡಿ," ಎಂದಿದ್ದರು ಆಕೆ.

"ತಲೆ ತಿರುಗಿದ್ರೆ ಕಿವಿಗೆ ಮಾತ್ರೆಯಂತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ದಾರಿಯುದ್ದಕ್ಕೂ ಗೊಣಗಿದ್ದ. ಹತ್ತದ ಮೇಸ್ತ್ರಿಯನ್ನು ಕೆಲಸಕ್ಕೆ ಕರೆಯುವವರು ಯಾರು?

ಈಗ ಎಡಗಿವಿ ಒಳಗಿಂದ ಬಿಗಿಯಿತು. ಸದ್ದು ಏರಿತು. ಗೋಡೆ ವಾಲಲಿಲ್ಲ, ಗಿರ್ರನೆ ತಿರುಗಿತು; ಜೊತೆಗೆ ಆಕಾಶವೂ. ಯಾರೋ ಹಿಂದಿನಿಂದ ಸೊಂಟ ಬಳಸಿ ಹಿಡಿದರು.

"ಕೂತ್ಕೊಳ್ಳಿ ಭಾವ. ಒಂದೇ ಇಟ್ಟಿಗೆ ನೋಡ್ತಾ ಇರಿ. ನಾನು ಬಿಡಲ್ಲ."

ಮೇಸ್ತ್ರಿ ಪಕ್ಕಕ್ಕೆ ತಿರುಗಿ ಭಾವಮೈದುನನ ಅಂಗಿಯ ಮೇಲೆಯೇ ವಾಂತಿ ಮಾಡಿದ. ಹಿಡಿದ ಕೈ ಸಡಿಲಲಿಲ್ಲ.

ತಲೆಸುತ್ತು ನಿಂತ ಮೇಲೆ ಮೇಸ್ತ್ರಿಯನ್ನು ಮೆಲ್ಲಗೆ ಕೆಳಗಿಳಿಸಿದರು. ಬಾಯಿ ಮುಕ್ಕಳಿಸಿ ಉಗುಳಿ ಕೇಳಿದ: "ಆಳುಗಳ ಹತ್ರ ಏನು ಪಿಸಿಪಿಸಿ ಅಂತಿದ್ದೆ?"

"ಭಾವನ ಬಲಗಡೆ ನಿಂತು ಮಾತಾಡ್ರೋ, ಎಡಗಿವಿ ಸರಿಯಾಗಿ ಕೇಳ್ತಿಲ್ಲ ಅಂತ."

"ನಂಗೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ಇಟ್ಟಿಗೆ ಜೊತೆ ನನ್ನನ್ನೂ ಕಿತ್ತು ಬಿಸಾಕ್ತಿದ್ರಿ."

ಮೇಸ್ತ್ರಿ ಗಾರೆ ಮೆತ್ತಿದ ಕರಣೆಯನ್ನು ಪಂಚೆಗೆ ಒರೆಸಿ ಅವನ ಕೈಗಿತ್ತ. "ಆ ಎರಡು ಸಾಲು ನೀನೇ ಕಟ್ಟು."

ಭಾವಮೈದುನ ಒದ್ದೆ ಅಂಗಿಯಲ್ಲೇ ಏಣಿ ಹತ್ತಿದ. ಕೆಳಗೆ ಮೇಸ್ತ್ರಿ ಕಣ್ಣು ಮುಚ್ಚಿಕೊಂಡು, ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ನಿಂತ. ಅಂಗೈಗೆ ಗೋಡೆ ನೆಟ್ಟಗೇ ಇತ್ತು.