ಹೆಗಲ ಮೇಲಿನ ಕೈ

ಟ್ರಂಕ್ ಕಾಲ್ ಬಂದದ್ದು ಕುಬ್ರಾ ಬೇಗಂ ಅವರ ಮನೆಗೆ. ರಾಯಚೂರಿನ ಆ ಓಣಿಯಲ್ಲಿ ಫೋನಿದ್ದದ್ದು ಹೆಣ್ಣುಮಕ್ಕಳ ಶಾಲೆಯ ಆ ಹೆಡ್‌ಮಿಸ್ಸಿನ ಮನೆಯಲ್ಲಿ ಮಾತ್ರ. ಹಿಂದಿನ ಕೋಣೆಯಲ್ಲಿ ತಾಯಿಯೊಂದಿಗೆ ಬಾಡಿಗೆಗಿದ್ದ ಮಾನಮ್ಮ, ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ರಿಸೀವರ್ ಹಿಡಿದಳು. ಅಮೆರಿಕದಲ್ಲಿದ್ದ ಗಂಡ ಮೌನಪ್ಪನ ಧ್ವನಿ ಬಾವಿಯೊಳಗಿಂದ ಬಂದಂತೆ ಬಂತು.

"ಮದ್ರಾಸಿನ ಇಂಟರ್ವ್ಯೂದಾಗ ಸಂಬಂಧ ಹೇಳಬ್ಯಾಡ. ಇಲ್ಲೆ, ನಾ ಇರೋ ರಾಜ್ಯದಾಗ ಅದು ಅಪರಾಧ ಅಂತ. ವಕೀಲ ಹೇಳ್ಯಾನ. ಗೊತ್ತಾದ್ರ ನಿನ್ನ ವೀಸಾ ಅಷ್ಟ ಅಲ್ಲ, ನನ್ನ ಗ್ರೀನ್ ಕಾರ್ಡೂ ಹೋಗ್ತದ. ಮದುವಿಗಿಂತ ಮದ್ಲು ನಾ ನಿನಗ ಏನೂ ಅಲ್ಲ ಅನ್ನು. ಕೇಳ್ತಾ?"

"ಕೇಳ್ತು, ಮಾಮಾ."

"ಅದನ್ನ! ಅದನ್ನ ಅನಬ್ಯಾಡ!"

ಲೈನು ಕಡಿಯಿತು. 'ನಾ ನಿನಗ ಏನೂ ಅಲ್ಲ' ಎಂಬ ಮಾತು ಮಾತ್ರ ಅವಳ ಕಿವಿಯಲ್ಲಿ ಉಳಿಯಿತು.

ಮೌನಪ್ಪ ಅವಳ ತಾಯಿ ದುರುಗಮ್ಮನ ಕೊನೆಯ ತಮ್ಮ. ದೇವದುರ್ಗದ ಕಡೆ ಅರಕೇರಾದ ಅವರ ಕೇರಿಯಿಂದ ಮೊದಲು ಇಂಜಿನಿಯರ್ ಆದವನು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಓದಲು ಹೋಗಿ ಅಲ್ಲೇ ಕೆಲಸ ಹಿಡಿದವನು. ಮಾನಮ್ಮ ಹುಟ್ಟಿದ ದಿನವೇ ಅಜ್ಜಿ, ಇವಳು ನನ್ನ ಮಗನಿಗೇ ಎಂದಿದ್ದಳು. ಸೋದರಮಾವ ಇರುವಾಗ ಹೊರಗೆ ಗಂಡು ಹುಡುಕುವುದುಂಟೇ? ಎಂಬತ್ತೆರಡರಲ್ಲಿ ಮೌನಪ್ಪ ರಜೆಗೆ ಬಂದು, ಅವಳ ಊರಾದ ಮಾನ್ವಿಯಲ್ಲಿ ತಾಳಿ ಕಟ್ಟಿ ಹೋದ. ಅಂದಿನಿಂದ ಎರಡು ವರ್ಷ ಅವಳು ವೀಸಾದ ದಾರಿ ಕಾದಳು. ಕರೆ ಬಂತು ಎನ್ನುವಾಗ ಇದು. ಊರೆಲ್ಲ ಉಂಡು ಹರಸಿದ ಮದುವೆ, ತಾನು ಕಂಡೇ ಇರದ ಯಾವುದೋ ದೇಶದಲ್ಲಿ ಅಪರಾಧವಾಗಿ ಕೂತಿತ್ತು.

ಇಂಟರ್ವ್ಯೂಗೆ ಪಾಠ ಮಾಡಿಸಲು ಕುಬ್ರಾ ಬೇಗಂ ತಾವೇ ಸಾಹೇಬರಾದರು. ಕನ್ನಡಕ ಮೂಗಿನ ತುದಿಗಿಳಿಸಿ, ಶಾಲೆಯ ಸ್ಕೇಲು ಹಿಡಿದು ಕುರ್ಚಿಯಲ್ಲಿ ಕೂತರು.

"ಗಂಡನ ಹೆಸರೇನು?"

ಮಾನಮ್ಮ ತಾಯಿಯ ಮುಖ ನೋಡಿದಳು. ಗಂಡನ ಹೆಸರು ಹೇಳಿ ರೂಢಿಯಿರಲಿಲ್ಲ. "ನೀನ ಹೇಳಬೇ ಯವ್ವಾ."

"ಅವ್ವನ್ನ ಪರ್ಸಿನ್ಯಾಗ ಇಟಗೊಂಡು ಒಯ್ತೀಯೇನ? ಹೇಳು!"

"ಮೌನಪ್ಪ." ಬೈದಂತೆ ಕೇಳಿತು.

"ಮದುವಿಗಿಂತ ಮುಂಚೆ ಮೌನಪ್ಪ ನಿನಗ ಏನಾಗಬೇಕು?"

"ಮಾ…"

ಸ್ಕೇಲು ಮೇಜಿನ ಮೇಲೆ ಬಡಿಯಿತು. "ಖತಂ! ವೀಸಾನೂ ಹೋತು, ಮಾಮಾನೂ ಹೋದ." ಕುಬ್ರಾ ಬೇಗಂ ದುರುಗಮ್ಮನ ಕಡೆ ತಿರುಗಿದರು. "ನಮ್ಮಾಗ ಕಾಕಾನ ಮಗನ್ನ ಲಗ್ನ ಆಗ್ತೀವಿ. ಮಾಮಾನ್ನ ಅಂದ್ರ ತೋಬಾ ತೋಬಾ."

"ಶಿವನ! ಕಾಕಾನ ಮಗ ಅಂದ್ರ ಅಣ್ಣ ಆಗ್ತಾನಲ್ರಿ!"

ಇಬ್ಬರೂ ಬಾಯಿಗೆ ಸೆರಗು ಹಚ್ಚಿ ನಕ್ಕರು. ಮಾನಮ್ಮನಿಗೆ ನಗು ಬರಲಿಲ್ಲ. ನಾಲಿಗೆಯ ಮೇಲೆ ಕೂತ ಆ ಎರಡಕ್ಷರ ಯಾವಾಗ ಜಾರಿ ಬೀಳುತ್ತದೋ ಎಂದು, ಉಣ್ಣುವಾಗಲೂ ತುಟಿ ಬಿಗಿಹಿಡಿದಿರುತ್ತಿದ್ದಳು.

ಮದುವೆಯ ಫೋಟೋ ತರಬೇಕೆಂದು ಅಪ್ಪಣೆಯಾಗಿತ್ತು. ಬೆಳಕು ಬಿದ್ದು ರೀಲು ಕೆಟ್ಟು, ಸರಿಯಾಗಿ ಬಂದದ್ದು ಒಂದೇ. ಬಾಸಿಂಗದ ಕೆಳಗೆ ಮೌನಪ್ಪ, ಪಕ್ಕದಲ್ಲಿ ಮಾನಮ್ಮ. ಹಿಂದೆ ದುರುಗಮ್ಮ, ತಮ್ಮನ ಹೆಗಲ ಮೇಲೆ ಕೈಯಿಟ್ಟು, ಹಲ್ಲು ಕಾಣುವಂತೆ ನಗುತ್ತ.

ಕುಬ್ರಾ ಬೇಗಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಮುಖದ ಹುಡುಗಾಟ ಹೋಯಿತು.

"ಈಕಿ ಹುಡುಗಿ ತಾಯಿ ಅಂತ ಹೇಳ್ತೀವಿ. ಸೈ. ಆದ್ರ ಅತ್ತಿಯಾದಾಕಿ ಅಳಿಯನ ಮುಂದ ಸೆರಗು ಸರಿಮಾಡಿ ನಿಂದರಬೇಕು. ಹೆಗಲ ಮ್ಯಾಲೆ ಕೈ ಇಟ್ಟು ಹಲ್ಲು ಕಿಸೀತಾಳೇನ?"

"ಗೋರಾ ಸಾಹೇಬಗ ಅದೆಲ್ಲ ಏನ ತಿಳೀತದ್ರಿ?" ಎಂದಳು ದುರುಗಮ್ಮ.

"ಸಾಹೇಬಗ ತಿಳಿಯಂಗಿಲ್ಲ. ಅವನ ಬಾಜು ದುಭಾಷಿ ಕುಂದರ್ತಾನ. ಅವ ನಮ್ಮಂವ."

ಇಷ್ಟು ದಿನ ಮಾನಮ್ಮ ಅಂಜಿದ್ದು ಬಿಳಿ ಮುಖಕ್ಕೆ. ಈಗ ಆ ಜಾಗದಲ್ಲಿ ಮುಖವೇ ಇಲ್ಲದ ಒಬ್ಬ ನಮ್ಮವನು ಬಂದು ಕೂತ.

"ನನ್ನ ಕತ್ತರಿಸಿ ಒಗದುಬಿಡ್ರಿ" ಎಂದಳು ದುರುಗಮ್ಮ.

"ಕತ್ತರಿಸಿದ್ರ ಕೈ ಅಷ್ಟ ಉಳೀತದ, ದುರುಗಮ್ಮಾ. ಅದು ಇನ್ನಾ ಕೆಟ್ಟ."

ದುರುಗಮ್ಮ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಸೆರಗಿನೊಳಗೆ ಇಟ್ಟುಕೊಂಡಳು. ಮದ್ರಾಸಿಗೆ ತಾನು ಬರುವುದಿಲ್ಲ ಎಂದಳು. "ಕೈ ಸುಳ್ಳು ಹೇಳಿದ್ರೂ ಗದ್ದ ಹೇಳೂದಿಲ್ಲ. ನಮ್ಮ ಮೂರೂ ಮಂದೀದು ಒಂದ ಗದ್ದ." ಮದ್ರಾಸ್ ಮೇಲ್ ಹೊರಟಾಗಲೂ ಅವಳು ಪ್ಲಾಟ್‌ಫಾರ್ಮಿನ ಕಂಬದ ಮರೆಯಲ್ಲೇ ನಿಂತಿದ್ದಳು, ಅಲ್ಲಿಯೇ ಯಾರೋ ನೋಡುತ್ತಿದ್ದಾರೆ ಎಂಬಂತೆ.

ಮದ್ರಾಸಿನಲ್ಲಿ ಕುಬ್ರಾ ಬೇಗಂ ಅವರನ್ನು ಅಮೆರಿಕದ ಕಾನ್ಸುಲೇಟಿನ ಗೇಟಿನಾಚೆಯೇ ನಿಲ್ಲಿಸಿದರು. ಗಾಜಿನ ಹಿಂದೆ ಸಾಹೇಬ. ಅವನ ಪಕ್ಕದಲ್ಲಿ ನರೆತ ಮೀಸೆಯ ದುಭಾಷಿ. ಹೆಸರು ಕೇಳಿದರು, ಹೇಳಿದಳು. ಮೊದಲೇ ಸಂಬಂಧವಿತ್ತೇ ಎಂದು ಕೇಳಿದರು, ಇಲ್ಲ ಎಂದಳು. ಎಲ್ಲವೂ ಪಾಠ ಮಾಡಿದಂತೆಯೇ ನಡೆಯಿತು. ಸಾಹೇಬ ಫೋಟೋದ ಮೇಲೆ ಬೆರಳಿಟ್ಟ.

"ಇವರು ಯಾರು?" ಎಂದ ದುಭಾಷಿ.

"ನಮ್ಮವ್ವ."

ದುಭಾಷಿ ಬಗ್ಗಿ ನೋಡಿದ. ಅವನ ಕಣ್ಣು ಆ ಕೈಯ ಮೇಲೆ ನಿಂತಿತು. ಅಲ್ಲಿಂದ ಒಂದು ಗದ್ದಕ್ಕೆ, ಇನ್ನೊಂದು ಗದ್ದಕ್ಕೆ ಹೋಯಿತು. ಇಷ್ಟು ಹೊತ್ತು ಪುಸ್ತಕದ ಕನ್ನಡ ಆಡುತ್ತಿದ್ದವನು ಈಗ ಮೆಲ್ಲಗೆ ಕೇಳಿದ:

"ಯಾವೂರವ್ವಾ?"

"ಮಾನ್ವಿ, ರೀ."

"ಮಾಮಾ ಆರಾಮದಾನೇನು?"

"ಹೂಂನ್ರಿ, ಆರಾಮದಾರ."

ಗಂಡನೇ ಮಾಮಾ ಎಂದು ಒಪ್ಪಿಕೊಂಡುಬಿಟ್ಟೆನೆಂದು ಅಂದ ಮೇಲೆ ತಿಳಿಯಿತು. ಸಾಹೇಬ ತಲೆಯೆತ್ತಿ ದುಭಾಷಿಯನ್ನು ಏನೋ ಕೇಳಿದ. ದುಭಾಷಿ ತಿರುಗಿ ಇಂಗ್ಲಿಷಿನಲ್ಲಿ ಉತ್ತರಿಸಿದ. ಅವನ ಮಾತಿನಲ್ಲಿ ಮದರ್, ಹಸ್ಬೆಂಡ್ ಎಂಬೆರಡೇ ಅವಳಿಗೆ ತಿಳಿದವು. ಅಂಕಲ್ ಎಂಬುದು ಬರಲಿಲ್ಲ. ಸಾಹೇಬ ಸಹಿ ಹಾಕಿದ. ದುಭಾಷಿ ಫೋಟೋವನ್ನು ಬೋರಲು ಮಾಡಿ ಗಾಜಿನ ಕೆಳಗಿಂದ ತಳ್ಳಿದ. ಮತ್ತೆ ಅವಳ ಕಡೆ ನೋಡಲಿಲ್ಲ.

"ಆತಲ್ಲ! ಮತ್ಯಾಕ ಹಿಂದ ಹಿಂದ ನೋಡಾಕತ್ತೀದಿ?" ಎಂದರು ಗೇಟಿನಲ್ಲಿ ಕುಬ್ರಾ ಬೇಗಂ.

ಮಾನಮ್ಮ ಫೋಟೋವನ್ನು ಸೆರಗಿನೊಳಗೆ ಇಟ್ಟುಕೊಂಡಳು. ಲೋಕದಲ್ಲಿ ಒಬ್ಬನಿಗೆ ಗೊತ್ತಿತ್ತು. ಇಂದು ಅವನು ಸುಮ್ಮನಿದ್ದ. ನಾಳೆ?

ಅವರು ರಾಯಚೂರಿಗೆ ಮರಳಿದ ಮೇಲೆ ಮೌನಪ್ಪನ ಫೋನು ಬಂತು. ದುರುಗಮ್ಮ ಬಾಗಿಲಲ್ಲಿ ನಿಂತು, ಮಾತಾಡು ಮಾತಾಡು ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಇನ್ನು ಯಾರ ಭಯ? ಮಾನಮ್ಮ ಆ ಎರಡಕ್ಷರಕ್ಕಾಗಿ ಬಾಯಿ ತೆರೆದಳು. ನಾಲಿಗೆ ಹಿಂದಕ್ಕೆ ಸೇದಿಕೊಂಡಿತು.

"ಮೌನಪ್ಪನವರಾ?" ಎಂದಳು.

ಲೈನು ಗುಂಯ್ ಎಂದಿತು.

"ಯಾರ್ರಿ?" ಎಂದಿತು ಆ ಕಡೆಯಿಂದ ಅವನ ಧ್ವನಿ. ಅದೂ ಅಂಜಿತ್ತು. "ಯಾರ್ರಿ ಮಾತಾಡೋದು?"