ಮೊಣಕಾಲಿನ ಕೆಳಗಿನ ಬಿಳಿ

ಸ್ಪಂಜಿನಿಂದ ಒಂದು ಹನಿ ಜಾರಿ ಬಟ್ಟಲಿಗೆ ಬಿತ್ತು, ಟಪ್ — ಇನ್ನು ಒರೆಸಬೇಕು, ಚಿತ್ರಗಾರ್ತಿ ಒಟ್ಟೀಲಿಯೆ ನಿನ್ನೆ ಹೂಂ ಅಂದಾಗಿದೆ, ಹೂಂ ಅಂದ ನಾಲಿಗೆಗೆ ಬೆಂಕಿ ಬೀಳಲಿ, ಅವಳ ಕೋಣೆಯಲ್ಲಿರುವ ಒಂದೇ ಕುರ್ಚಿಯಲ್ಲಿ ಬೂಟಿನ ಕಾರ್ಖಾನೆಯ ಮಾಲೀಕ ಬೋಲ್‌ಹಾಗನ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ತನ್ನನ್ನೇ ಗೇಲಿಮಾಡಿ ಅವಳು ಬರೆದ ಚಿತ್ರ ನೋಡುತ್ತಾ ಹೊಟ್ಟೆ ಕುಣಿಸಿ ನಗುತ್ತಿದ್ದಾನೆ, ಅಯ್ಯಯ್ಯೋ ನನ್ನ ಕುತ್ತಿಗೆ ನೋಡ್ರೀ ಫ್ರಾಯ್ಲೈನ್, ಮೂರು ಮಡಿಕೆ, ನಮ್ಮನೆಯವಳಂತೂ ಬಿದ್ದು ಬಿದ್ದು ನಕ್ಕಳು, ಮೀಸೆ ಮೇಲೆ ಆ ಕೆನೆ, ಥೇಟ್ ನಾನೇ! — ಥೂ, ನಗಬಾರದಿತ್ತು ಇವನು, ಉರಿದುಬೀಳಬೇಕಿತ್ತು, ವಕೀಲನನ್ನು ಕರೆಸಬೇಕಿತ್ತು, ಮೂರು ಮಧ್ಯಾಹ್ನ ಆ ಕಾಫಿಮನೆಯ ಮೂಲೆಯಲ್ಲಿ ಕೂತು ಅವನ ಕೂಟದ ಮೇಜು, ಮೇಜಿನ ಮೇಲಿನ ಪುಟ್ಟ ಹಿತ್ತಾಳೆ ಬಾವುಟ, ಕೇಕಿನ ಎರಡನೇ ತುಂಡು, ಹೆಂಡತಿಯ ಮಡಿಲಲ್ಲಿ ಕೇಕು ನೆಕ್ಕುವ ಗಿಡ್ಡಕಾಲಿನ ನಾಯಿ, ಎಲ್ಲವನ್ನೂ ಹಲ್ಲು ಕಚ್ಚಿಕೊಂಡು ಬರೆದದ್ದು ಇವನ ಮಾನ ಕಳೆಯಲಿಕ್ಕೆ, ಇವನೋ ಅದನ್ನು ದುಡ್ಡು ಕೊಟ್ಟು ಕೊಂಡು ಊಟದ ಕೋಣೆಯಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಾನಂತೆ, ಬೈದರೆ ಬಹುಮಾನ ಕೊಡುವ ಜನಕ್ಕೆ ಹೇಗಪ್ಪಾ ಬೈಯುವುದು, ಇಡೀ ಬರ್ಲಿನ್ ಹೀಗೇ ಆಗಿದೆ, ಕಪಾಳಕ್ಕೆ ಹೊಡೆದರೆ ಇನ್ನೊಂದು ಸಲ ಹೊಡಿ, ಮಜವಾಗಿದೆ ಅನ್ನುತ್ತದೆ — ಒಂದೇ ಒಂದು ಸಣ್ಣ ವಿಷಯ ಫ್ರಾಯ್ಲೈನ್, ಅಂದಿದ್ದ ನಿನ್ನೆ ಚಿತ್ರ ಹೊತ್ತು ತಂದು, ಇದರಲ್ಲಿ ಬಾಗಿಲ ಹತ್ರ ಬೆಂಕಿಪೊಟ್ಟಣ ಮಾರ್ತಾ ಕೂತಿದಾನಲ್ಲ ಆ ಕುಂಟ, ಊಟಕ್ಕೆ ಕೂತಾಗ ಅವನ ಮುಖ ಕಂಡ್ರೆ ತುತ್ತು ಇಳಿಯುತ್ತಾ ಹೇಳಿ, ನೀರುಬಣ್ಣ ತಾನೆ, ಒಂದು ಸಲ ಒರೆಸಿದ್ರೆ ಆಯ್ತು, ವಸಂತದಲ್ಲಿ ನನ್ನ ಗೆಳೆಯನ ಸಭಾಂಗಣದಲ್ಲಿ ನಿಮ್ಮ ಚಿತ್ರಗಳದ್ದೇ ಪ್ರದರ್ಶನ ಇಡಿಸ್ತೀನಿ. ಎಂಟು ವರ್ಷ ವಾರಪತ್ರಿಕೆಯ ಹಿಂದಿನ ಪುಟಕ್ಕೆ ಚಿತ್ರ ಬರೆಯುತ್ತಾ ಬಿದ್ದಿದ್ದವಳು ಹೂಂ ಅಂದುಬಿಟ್ಟಳು.

ಆ ಕುಂಟ ಎವಾಲ್ಡ್, ಅವಳ ಒಡಹುಟ್ಟಿದ ತಮ್ಮ, ಹೋದ ಚಳಿಗಾಲದಲ್ಲಿ ಇದೇ ಒಲೆಯ ಪಕ್ಕ ಕೂತು ಚಿತ್ರಕ್ಕೆ ಮುಖ ಕೊಟ್ಟವನು, ಫೋಟೋ ತೆಗೆಸಿಕೋ ಅಂದರೆ ಮುಖ ತಿರುಗಿಸುತ್ತಿದ್ದವನು, ಫೆಬ್ರವರಿಯಲ್ಲಿ ಜ್ವರ ಬಂತು, ಹೋಗಿಬಿಟ್ಟ, ಈಗ ಅವನಿರುವುದು ಈ ಕಾಗದದ ಮೇಲೆ ಮಾತ್ರ, ಇನ್ನೆಲ್ಲೂ ಇಲ್ಲ, ಇನ್ನೆಲ್ಲೂ ಇಲ್ಲ ಅಂತ ಗೊತ್ತಿದ್ದೂ ಕೈ ಸ್ಪಂಜನ್ನು ಅದ್ದುತ್ತಿದೆ, ಕೋಟಿನ ಬೂದು ಬಣ್ಣ ಮೆತ್ತಗೆ ಎದ್ದು ಬರುತ್ತಿದೆ, ಬೆಂಕಿಪೊಟ್ಟಣ ಹೋಯಿತು, ಬಟ್ಟಲಿನ ನೀರು ಕೊಳೆಯಾಯಿತು, ಆದರೆ ಅವನ ಸುತ್ತಲಿನ ನೆರಳು ಪ್ರಷ್ಯದ ನೀಲಿ, ಕಾಗದದೊಳಕ್ಕೆ ಇಳಿದು ಕೂತ ಬಣ್ಣ, ಅದು ಏಳುವುದಿಲ್ಲ, ಆ ನೀಲಿಯ ನಡುವೆ, ಮೊಣಕಾಲಿನ ಕೆಳಗೆ, ಬಿಳಿ — ಅಲ್ಲಿ ಬಣ್ಣ ಹಾಕ್ಬೇಡ ಕಣೇ ಒಟ್ಟೀ, ಅಂದಿದ್ದ ಎವಾಲ್ಡ್, ಇಲ್ಲದ ಕಾಲನ್ನ ಇಲ್ಲ ಅಂತಲೇ ಬಿಡು, ಆಮೇಲೆ ನಕ್ಕಿದ್ದ, ಹೇಗಿದ್ರೂ ಕಾಗದಾನೇ ತಾನೆ ಅದನ್ನ ತಿಂದದ್ದು. ಯುದ್ಧಕ್ಕೆ ಹೋದಾಗ ಕೊಟ್ಟ ಬೂಟಿನ ಅಟ್ಟೆಯಲ್ಲಿ ಚರ್ಮವಿರಲಿಲ್ಲ, ರಟ್ಟಿತ್ತು, ಒತ್ತಿದ ಕಾಗದ, ಕಂದಕದ ಕೆಸರಿನಲ್ಲಿ ಒಂದು ವಾರಕ್ಕೆ ಅಂಬಲಿಯಾಯಿತು, ಕಾಲು ಕೊಳೆಯಿತು, ಕತ್ತರಿಸಿದರು, ಉಳಿದ ಒಂದು ಬೂಟು ಮನೆಗೆ ಬಂದಾಗ ಒಳಗೆ ಮುದ್ರೆ ಅಚ್ಚುಕಟ್ಟಾಗಿತ್ತು, ಬೋಲ್‌ಹಾಗನ್ ಮತ್ತು ಮಕ್ಕಳು — ಇವನು ತನ್ನ ಕುತ್ತಿಗೆಯ ಮಡಿಕೆ ಗುರುತಿಸಿದ, ಕೆನೆ ಗುರುತಿಸಿದ, ನಾಯಿಯನ್ನು ಗುರುತಿಸಿದ, ತನ್ನ ಬೂಟು ತಿಂದ ಕಾಲನ್ನು ಗುರುತಿಸಲಿಲ್ಲ.

ಆ ಬಿಳಿ ಹೋಗ್ತಾನೇ ಇಲ್ವಲ್ಲ, ಇನ್ನಷ್ಟು ತಿಕ್ಕಿ, ಅನ್ನುತ್ತಾನೆ ಕುರ್ಚಿಯಿಂದ ಬಗ್ಗಿ, ಬಾಯಲ್ಲಿ ಚುಟ್ಟದ ವಾಸನೆ, ಅದು ಹಚ್ಚಿದ್ದಲ್ಲ ಸ್ವಾಮಿ, ಬಿಟ್ಟದ್ದು, ಅನ್ನುತ್ತಾಳೆ ಅವಳು, ಹಚ್ಚಿದ್ದನ್ನು ತೆಗೆಯಬಹುದು, ಬಿಟ್ಟದ್ದನ್ನು ಹೇಗೆ ತೆಗೆಯಲಿ, ಓಹೋ ಅಷ್ಟೇನಾ, ಹಾಗಾದ್ರೆ ಮೇಲೊಂದು ತಾಳೆಗಿಡದ ಕುಂಡ ಬರೆದುಬಿಡಿ, ಕಾಫಿಮನೆ ತಾನೆ, ಕಳೆ ಬರುತ್ತೆ — ಕುಂಡ! ಅವಳು ಕುಂಚವನ್ನು ಹಸಿರಿನಲ್ಲಿ ಅದ್ದಿದಳು ಕೂಡ, ದೇವರೇ, ಅದ್ದಿದಳು, ಹಸಿರು ತುದಿ ಆ ಬಿಳಿಯ ಮೇಲೆ ತೂಗುತ್ತಿತ್ತು, ಮೇಲೆ ಎವಾಲ್ಡನ ಮುಖ ಇನ್ನೂ ಇತ್ತು, ಕೋಟಿಲ್ಲದೆ, ಚಳಿಯಲ್ಲಿ, ಅವನ ಕೋಟನ್ನು ಕಿತ್ತವಳು ಅವಳೇ, ಬೇರೆ ಯಾರೂ ಅಲ್ಲ — ಕುಂಚ ಬಿಸಾಡಿ ಸ್ಪಂಜನ್ನು ಕೊಳೆನೀರಿನಲ್ಲಿ ಮುಳುಗಿಸಿ ಚಿತ್ರದ ನಟ್ಟನಡುವೆ ಒತ್ತಿದಳು, ಮೂರು ಮಡಿಕೆ ಒಂದೇ ಏಟಿಗೆ, ಮೀಸೆ, ಕೆನೆ, ಕೇಕು, ಬಾವುಟ, ಗುಲಾಬಿ ಬಣ್ಣವೆಲ್ಲ ಕರಗಿ ಮೇಜಿನಂಚಿಗೆ ಹರಿಯಿತು, ಏಯ್ ಏನ್ ಮಾಡ್ತಿದೀರಿ, ಅದು ನಾನು ಕಣ್ರೀ, ಅದು ನಾನು! ಅಂತ ಬೋಲ್‌ಹಾಗನ್ ಎದ್ದು ಕೂಗುತ್ತಿದ್ದಾನೆ, ಈಗ ಸಿಟ್ಟು ಬಂತೇ ನಿನಗೆ, ಈಗ ಬಂತೇ, ಟೋಪಿ ತಲೆಗೇರಿತು, ನಿಮ್ಮ ಪ್ರದರ್ಶನಕ್ಕೆ ಮಣ್ಣು ಬಿತ್ತು ತಿಳ್ಕೊಳ್ಳಿ, ಬಾಗಿಲು ಧಡ್ ಅಂತು, ಮೆಟ್ಟಿಲ ಮೇಲೆ ಅವನ ಬೂಟು, ಗಟ್ಟಿ ಚರ್ಮದ್ದು, ಒಂದೊಂದು ಹೆಜ್ಜೆಯೂ ಕೇಳಿಸುತ್ತಿದೆ, ಕೋಟು ಮತ್ತೆ ಬರೆಯಬೇಕು, ಕಾಗದ ಒಣಗಲಿ, ಬೂದು ಬಣ್ಣ ಇನ್ನೂ ಉಳಿದಿದೆ, ದಪ್ಪ ಕೋಟು, ಕುತ್ತಿಗೆಯವರೆಗೆ ಗುಂಡಿ, ಮುಖ ಇದೆ, ನೀಲಿ ಇದೆ, ನೀಲಿಯ ನಡುವೆ, ಮೊಣಕಾಲಿನ ಕೆಳಗೆ, ಬಿಳಿ, ಮೊಣಕಾಲಿನ ಕೆಳಗೆ ಬಿಳಿ ಕಾಗದ