ಒಂದೇ ಸಲ ಕೂಗಿದ ಸುದ್ದಿ

ಬಿಳಿ ಭಾನುವಾರದ ಮರುದಿನ ಬೆಳಗ್ಗೆ ಫುವಾತಿನೊ ಅಂಗಳದಲ್ಲಿ ಬಿದ್ದ ಜೀಗುಜ್ಜೆ ಎಲೆಗಳನ್ನು ಕಡ್ಡಿ ಪೊರಕೆಯಿಂದ ಗುಡಿಸುತ್ತಿದ್ದಳು. ಅರ್ಧ ಅಂಗಳ ಮುಗಿಯುವಷ್ಟರಲ್ಲಿ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಆಪಿಯಾ ಪಟ್ಟಣದಲ್ಲಿ ಹಡಗಿನ ಟಿಕೆಟ್ ಆ್ಯಪ್ ಮಾಡುವ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವ ಯೊವಾನೆ.

"ರಜಾ ದಿನಾನೂ ಬಿಡಲ್ವೇನೋ?"

"ಪೊರಕೆ ಸದ್ದು ಇಲ್ಲೀವರೆಗೂ ಕೇಳ್ತಿದೆ ಅಕ್ಕ. ಸ್ವಲ್ಪ ನಿಲ್ಸು. ಶನಿವಾರ ಹಡಗು ತಪ್ಪಿದೋರು ಹದಿನೆಂಟು ಜನ. ಎಲ್ರ ಫೋನಲ್ಲೂ ನಮ್ಮ ಆ್ಯಪ್ ಇತ್ತು."

ಆ ಹದಿನೆಂಟು ಜನರಲ್ಲಿ ಫುವಾತಿನೊಳ ತಾಯಿಯೂ ಒಬ್ಬಳು. ಮಕ್ಕಳೆಲ್ಲ ಬಿಳಿ ಬಟ್ಟೆ ಉಟ್ಟು ಚರ್ಚಿನಲ್ಲಿ ಬೈಬಲ್ ವಾಕ್ಯ ಹೇಳುವ ಬಿಳಿ ಭಾನುವಾರ ಮೊಮ್ಮಗಳು ಮಾಸಿನಾಳ ದನಿ ಕೇಳಲೆಂದು ಹಿಂದಿನ ದಿನವೇ ಸವಾಯಿ ದ್ವೀಪದಿಂದ ಹೊರಟಿದ್ದಳು. ಗಾಳಿ ಏಳುತ್ತದೆಂದು ಹಡಗನ್ನು ಎರಡು ತಾಸು ಮೊದಲೇ ಬಿಟ್ಟಿದ್ದರು. ಮುದುಕಿ ಬಂದರಿನ ಧಕ್ಕೆಗೆ ಬಂದಾಗ ಬರೀ ನೀರಿತ್ತು. ಭಾನುವಾರ ಮಾಸಿನಾ ಎದ್ದು ನಿಂತಳು, ಬಾಗಿಲ ಕಡೆ ನೋಡಿದಳು, ಮೂರನೆಯ ಸಾಲು ಮರೆತಳು.

ಆ್ಯಪಿನಲ್ಲಿ ಒಂದು ಭಾಗ ಹೊರಡುವ ಹೊತ್ತು ಬದಲಾದರೆ ಹಡಗಿನವರಿಂದ ಸುದ್ದಿ ತರುತ್ತದೆ, ಇನ್ನೊಂದು ಟಿಕೆಟ್ ಪುಟ ತೋರಿಸುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಸುದ್ದಿ ಹೇಗೆ ಮುಟ್ಟಬೇಕೆಂದು ತೀರ್ಮಾನಿಸಿದವಳು ಫುವಾತಿನೊ. ಸುದ್ದಿಯನ್ನು ಒಂದು ಕಡೆ ಇಟ್ಟು, ಪುಟ ಯಾವಾಗ ತೆರೆದರೂ ಮೊದಲು ಅಲ್ಲಿ ನೋಡುವಂತೆ ಮಾಡಬಹುದಿತ್ತು. ಅದಕ್ಕೆ ವಾರ ಬೇಕು. ಇಲ್ಲವೇ ಸುದ್ದಿ ಬಂದ ಕೂಡಲೇ ಎಲ್ಲ ಫೋನುಗಳಿಗೂ ಒಂದೇ ಸಲ ಕೂಗಿಬಿಡಬಹುದಿತ್ತು. ಆ ಗಳಿಗೆಯಲ್ಲಿ ಪುಟ ತೆರೆದಿದ್ದರೆ ಕೇಳಿಸಿಕೊಳ್ಳುತ್ತದೆ. ಅದು ಅರ್ಧ ದಿನದ ಕೆಲಸ.

"ಪುಟ ಮುಚ್ಚಿದ್ರೆ?" ಎಂದು ಯೊವಾನೆ ಆಗಲೇ ಕೇಳಿದ್ದ.

"ನಮ್ಮೂರಲ್ಲಿ ಸಂಜೆ ಪ್ರಾರ್ಥನೆಗೆ ಹಳೇ ಗ್ಯಾಸ್ ಸಿಲಿಂಡರ್ ಬಡೀತಾರೆ. ಮನೆಮನೆಗೆ ಹೋಗಿ ಯಾರೂ ಹೇಳಲ್ಲ. ಕೇಳಿಸ್ಲಿಲ್ಲ ಅಂದೋರನ್ನ ನಾನಂತೂ ನೋಡಿಲ್ಲ."

"ನಿಮ್ಮೂರೋರು ಪುಣ್ಯವಂತರು ಬಿಡು. ಆ ಹೊತ್ತಿಗೆ ಎಲ್ರೂ ಮನೇಲೇ ಇರ್ತಾರೆ."

ಅವಳು ನಕ್ಕು ಕೂಗುವ ದಾರಿಯನ್ನೇ ಹಿಡಿದಳು. ಬೇಗ ಮನೆಗೆ ಹೋಗಿ ಮಗಳಿಗೆ ವಾಕ್ಯ ಕಲಿಸುವುದಿತ್ತು. ಶನಿವಾರ ಕೂಗು ಹೊರಟಾಗ ಅಮ್ಮನ ಫೋನಿನಲ್ಲಿ ಪುಟ ಮುಚ್ಚಿತ್ತು. ಆಮೇಲೆ ತೆರೆದರೆ ಹಳೆಯ ಹೊತ್ತೇ ಕಂಡಿತು.

"ನಾನೇ ತಪ್ಪು ಓದಿದೆ ಅನ್ಸತ್ತೆ ಮಗಳೇ. ಕನ್ನಡಕ ಹಳೇದಾಯ್ತು," ಎಂದಿದ್ದಳು ಅಮ್ಮ ಫೋನಿನಲ್ಲಿ. ಫುವಾತಿನೊ ಇಲ್ಲ ಎನ್ನಲಿಲ್ಲ. ಮನೆಯಲ್ಲಿ, ಹಡಗಿನವರು ಹೇಳಲು ಮರೆತರು ಎಂದಳು. ಮಾಸಿನಾ ಅವಳ ಮುಖ ನೋಡಿದಳು.

"ಕೇಳ್ತಿದೀಯಾ ಅಕ್ಕ?" ಎಂದ ಯೊವಾನೆ. "ತಮ್ಮ ಕಚೇರೀಲಿ ಸುದ್ದಿ ಕಳ್ಸೋ ಹುಡುಗೀನೇ ಮರೆತ್ಲು ಅಂತ ಹಡಗಿನೋರು ಅವಳನ್ನ ಬೈತಿದಾರಂತೆ. ಏನ್ ಹೇಳ್ಲಿ?"

"ಅವಳು ಕಳ್ಸಿದ್ಲು. ನಾವು ಕೂಗಿದ್ದು ಆ ಹದಿನೆಂಟು ಜನಕ್ಕೆ ಮುಟ್ಲಿಲ್ಲ." ದನಿ ತಗ್ಗಿತು. "ನಂಗೆ ಶನಿವಾರ ಸಂಜೇನೇ ಗೊತ್ತಾಯ್ತು."

"ಹಂಗಂತ ಅವರಿಗೆ ಹೇಳ್ಲಾ?"

"ನಾನೇ ಹೇಳ್ತೀನಿ. ಸ್ವಲ್ಪ ಹೊತ್ತು ಕೊಡು."

ಫೋನು ಸೊಂಟಕ್ಕೆ ಸಿಕ್ಕಿಸಿ ತಿರುಗಿದಳು. ಮೆಟ್ಟಿಲ ಮೇಲೆ ಮಾಸಿನಾ ಕೂತಿದ್ದಳು. ಮಡಿಲಲ್ಲಿ ಕೋಕೋ ಹಾಕಿದ ಗಂಜಿಯ ಬಟ್ಟಲು, ಅದರಲ್ಲಿ ಅಲುಗದೆ ನಿಂತ ಚಮಚ. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ.

ಫುವಾತಿನೊ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸತೊಡಗಿದಳು. ಮಗು ಬಟ್ಟಲನ್ನು ಕೆಳಗಿಟ್ಟು ಬಂದು ಪೊರಕೆಯ ಮುಂದೆಯೇ ನಿಂತಿತು. ಪೊರಕೆ ತಾನಾಗಿ ನಿಂತಿತು.

"ಅಮ್ಮ, ಅಜ್ಜಿ ಬರದೇ ಇದ್ದದ್ದು ನಿನ್ನಿಂದಾನಾ?"